ಒಂದು ಸೈಕಲ್, ಎರಡು ಜೊತೆ ಚಕ್ರ

ಪ್ರಶ್ನೆ: ನಾನು ಪುಣೆಯ ಕೋಥರೂಡ್ ನಿವಾಸಿ. ನನ್ನ ಗ್ರಾವೆಲ್ (ಕಚ್ಚಾ ರಸ್ತೆಗೂ ಒಗ್ಗುವ) ಸೈಕಲ್ಲಿನಲ್ಲಿ ಶಿಮಾನೊ ಜಿಆರ್‌ಎಕ್ಸ್ 810 ಗೇರುಗಳಿವೆ. ಮುಂದೆ 48 ಮತ್ತು 31 ಹಲ್ಲು, ಹಿಂದೆ 11-34 ಕ್ಯಾಸೆಟ್, ಅಂದರೆ 11ರಿಂದ 34 ಹಲ್ಲಿನವರೆಗಿನ ಗಾಲಿಗಳ ಗೊಂಚಲು. ಮುಳಶಿ ಕಡೆಯ ಕಚ್ಚಾ ರಸ್ತೆಗೆ ಇದು ಸರಿ. ಸಿಂಹಗಡದ ಡಾಂಬರು ರಸ್ತೆಗಾಗಿ 28 ಮಿ.ಮೀ. ಟೈರಿನ ಇನ್ನೊಂದು ಜೊತೆ ಚಕ್ರ ಕೊಂಡಿದ್ದೇನೆ. ಅದಕ್ಕೆ 11-28 ಕ್ಯಾಸೆಟ್ ಹಾಕಲೇ, 11-30 ಹಾಕಲೇ? ಚಕ್ರ ಬದಲಿಸಿದಾಗಲೆಲ್ಲ ಗೇರು ಹೊಂದಿಸಬೇಕೇ? ಚೈನ್ ಒಂದೇ ಸಾಕೇ?

ಉತ್ತರ: 11-30 ಹಾಕಿಸಿ. ನಿಮ್ಮ ಡಿರೇಲರ್‌ಗೆ (ಹಿಂದೆ ಚೈನನ್ನು ಗಾಲಿಯಿಂದ ಗಾಲಿಗೆ ಸರಿಸುವ ಭಾಗ) ಕ್ಯಾಸೆಟ್ಟಿನ ದೊಡ್ಡ ಹಲ್ಲುಗಾಲಿ 30ರಿಂದ 34ರೊಳಗೆ ಇರಬೇಕೆಂದು ತಯಾರಕರೇ ನಿಗದಿಪಡಿಸಿದ್ದಾರೆ. 28 ಹಾಕಿದರೂ ಸೈಕಲ್ ಓಡೀತು, ಆದರೆ ಸಿಂಹಗಡದ ಏರಿನಲ್ಲಿ ಆ ಎರಡು ಹಲ್ಲು ಕಡಿಮೆಯಾದದ್ದು ಕಾಲಿಗೆ ತಿಳಿಯುತ್ತದೆ.

ಚೈನಿನ ಉದ್ದವನ್ನೂ ಬಿ-ಸ್ಕ್ರೂವನ್ನೂ (ಡಿರೇಲರಿಗೂ ಕ್ಯಾಸೆಟ್ಟಿಗೂ ನಡುವಿನ ಅಂತರ ಹೊಂದಿಸುವ ತಿರುಪು) 34ರ ಚಕ್ರ ಹಾಕಿಯೇ ಹೊಂದಿಸಿ, ಆಮೇಲೆ ಅವನ್ನು ಮುಟ್ಟಬೇಡಿ. ಡಿರೇಲರ್ ಎಳೆದುಕೊಳ್ಳಬಲ್ಲ ಸಡಿಲದ ಮಿತಿ 40 ಹಲ್ಲು. ಮುಂದಿನ ಎರಡು ಗಾಲಿಗಳ ಹಲ್ಲಿನ ವ್ಯತ್ಯಾಸ 17, ಹಿಂದಿನದು 23, ಅಲ್ಲಿಗೆ ನಿಮ್ಮ ಲೆಕ್ಕ ಮಿತಿಗೆ ಸರಿಯಾಗಿ ಮುಟ್ಟುತ್ತದೆ. ಎರಡೂ ಕ್ಯಾಸೆಟ್ಟುಗಳ ಚಿಕ್ಕ ಗಾಲಿ 11 ಹಲ್ಲಿನದೇ ಆದ್ದರಿಂದ, 11-30 ಹಾಕಿದಾಗ ಚೈನ್ ಮೊದಲಿಗಿಂತ ಹೆಚ್ಚು ಜೋಲುವ ಪ್ರಶ್ನೆಯೇ ಬರುವುದಿಲ್ಲ.

ನಿಜವಾದ ಕಿರಿಕಿರಿ ಇರುವುದು ಹಬ್ಬಿನಲ್ಲಿ, ಅಂದರೆ ಚಕ್ರದ ನಡುಭಾಗದಲ್ಲಿ. ಎರಡು ಬೇರೆ ತಯಾರಿಕೆಯ ಹಬ್ಬುಗಳಲ್ಲಿ ಕ್ಯಾಸೆಟ್ ಕೂರುವ ಜಾಗ ಕೂದಲೆಳೆಯಷ್ಟು ಅತ್ತಿತ್ತ ಇರುತ್ತದೆ. ಒಂದು ಚಕ್ರದಲ್ಲಿ ಮೌನವಾಗಿದ್ದ ಗೇರು ಇನ್ನೊಂದರಲ್ಲಿ ಟಕಟಕ ಎನ್ನುವುದು ಇದರಿಂದಲೇ. ಪ್ರತಿ ಸಲ ಕೇಬಲ್ಲಿನ ಬಿಗಿ ಹೊಂದಿಸುವ ಬ್ಯಾರಲ್ ತಿರುಗಿಸುತ್ತ ಕೂರುವ ಬದಲು, ಕಡ್ಡಿಗಳ ಕಡೆಗೆ ಹೆಚ್ಚು ಒಳಗೆ ಕೂತಿರುವ ಕ್ಯಾಸೆಟ್ಟಿನ ಹಿಂದೆ ತೆಳುವಾದ ಲೋಹದ ಬಳೆ (ಶಿಮ್) ಇಡಿಸಿ, ಎರಡನ್ನೂ ಒಂದೇ ಸಾಲಿಗೆ ತನ್ನಿ. ಇದು ಸದ್ದಿನ ಮಾತಷ್ಟೇ ಅಲ್ಲ. ಒಳಗೆ ಕೂತ ಕ್ಯಾಸೆಟ್ಟಿಗೆಂದು ಲಿಮಿಟ್ ಸ್ಕ್ರೂ (ಡಿರೇಲರ್ ಮಿತಿಮೀರಿ ಸರಿಯದಂತೆ ತಡೆಯುವ ತಿರುಪು) ಹೊಂದಿಸಿ, ಹೊರಗೆ ಕೂತ ಕ್ಯಾಸೆಟ್ಟಿನ ಚಕ್ರವನ್ನು ಹಾಕಿದರೆ, ಚೈನ್ ದೊಡ್ಡ ಗಾಲಿಯನ್ನೂ ದಾಟಿ ಕಡ್ಡಿಗಳೊಳಗೆ ಬೀಳಬಹುದು. ಕ್ಯಾಸೆಟ್ ಬಿಚ್ಚಿಸಿದಾಗಲೇ ಇನ್ನೊಂದನ್ನು ನೋಡಿಬಿಡಿ: 11 ಸ್ಪೀಡಿನ ರೋಡ್ ಹಬ್ಬಿನ ಮೇಲೆ ಶಿಮಾನೊದ 11-34 ಕ್ಯಾಸೆಟ್ ಕೂರಿಸಲು 1.85 ಮಿ.ಮೀ. ದಪ್ಪದ ಸ್ಪೇಸರ್ (ಜಾಗ ತುಂಬುವ ಬಳೆ) ಬೇಕು, 11-30ಕ್ಕೆ ಬೇಡ. ಅಂಗಡಿಗಳಲ್ಲಿ ಇದು ಮರೆತುಹೋಗುವುದುಂಟು. ಕ್ಯಾಸೆಟ್ಟನ್ನು ಹಿಡಿದಿಡುವ ಲಾಕ್‌ರಿಂಗ್ ಬಿಗಿದ ಮೇಲೂ ಅದು ಅಲುಗಾಡಿದರೆ ಸ್ಪೇಸರ್ ಇಲ್ಲವೆಂದೇ ಮೊದಲು ಅನುಮಾನಿಸಿ.

ಡಿಸ್ಕ್ ರೋಟರಿಗೂ (ಬ್ರೇಕ್ ಹಿಡಿಯುವ ಲೋಹದ ತಟ್ಟೆ) ಇದೇ ನ್ಯಾಯ. ಎರಡು ಜೊತೆಗೂ ಒಂದೇ ಅಳತೆಯ, ಸಾಧ್ಯವಾದರೆ ಒಂದೇ ಮಾದರಿಯ ರೋಟರ್ ಹಾಕಿಸಿ. ಉಜ್ಜುವ ಸದ್ದು ಬಂದರೆ 0.2 ಮಿ.ಮೀ. ಶಿಮ್ ಸಾಕಾಗುತ್ತದೆ. ಚಕ್ರ ಕಳಚಿದಾಗ ಬ್ರೇಕ್ ಲಿವರ್ ಮಾತ್ರ ಒತ್ತಲೇಬೇಡಿ, ಬ್ರೇಕ್ ಪ್ಯಾಡುಗಳನ್ನು ಒತ್ತುವ ಪಿಸ್ಟನ್ನುಗಳು ಮುಂದೆ ಬಂದು ರೋಟರಿಗೆ ಜಾಗವಿಲ್ಲದಂತಾಗುತ್ತದೆ. ಕಳಚುವ ಮುನ್ನ ಚೈನನ್ನು 11ರ ಗಾಲಿಗೆ ಇಳಿಸಿ, ಡಿರೇಲರಿನ ಮೇಲಿರುವ ಕ್ಲಚ್‌ನ (ಚೈನ್ ಬಡಿಯದಂತೆ ಬಿಗಿ ಹಿಡಿಯುವ ಭಾಗ) ಪುಟ್ಟ ಲಿವರನ್ನು ಆಫ್ ಮಾಡಿ. ಚಕ್ರ ಸಲೀಸಾಗಿ ಹೊರಬರುತ್ತದೆ. ಹಾಕಿದ ಮೇಲೆ ಆನ್ ಮಾಡಲು ಮರೆತರೆ ಮುಳಶಿಯ ಕಲ್ಲುಹಾದಿಯಲ್ಲಿ ಚೈನ್ ಫ್ರೇಮಿಗೆ ಬಡಿದು ತಾನೇ ನೆನಪಿಸುತ್ತದೆ.

ಚೈನಿನ ವಿಷಯದಲ್ಲಿ ಒಂದೇ ಉತ್ತರವಿಲ್ಲ. ಎರಡು ಜೊತೆಯನ್ನೂ ಹೆಚ್ಚುಕಡಿಮೆ ಸಮನಾಗಿ ಬಳಸಿದರೆ ಒಂದು ಚೈನ್ ಸಾಕು, ಕ್ಯಾಸೆಟ್ಟುಗಳು ಅದರೊಡನೆಯೇ ಸವೆಯುತ್ತವೆ. ಒಂದು ಜೊತೆ ವಾರವಿಡೀ ಓಡಿ ಇನ್ನೊಂದು ತಿಂಗಳಿಗೊಮ್ಮೆ ಹೊರಬರುವುದಾದರೆ, ಸವೆದ ಚೈನ್ ಹೊಸ ಹಲ್ಲುಗಳನ್ನು ತಿನ್ನುತ್ತದೆ, ಹೊಸ ಚೈನ್ ಸವೆದ ಹಲ್ಲುಗಳ ಮೇಲೆ ಜಾರುತ್ತದೆ. ಆಗ ಒಂದೇ ಉದ್ದದ ಎರಡು ಚೈನ್ ಇಟ್ಟುಕೊಂಡು, ಆಯಾ ಚಕ್ರದೊಡನೆ ಬದಲಿಸುವುದು ಮೇಲು. ಯಾವುದೇ ಆಗಲಿ, ಗೇಜಿನಲ್ಲಿ 0.5 ಪ್ರತಿಶತ ಸವೆತ ತೋರಿಸಿದ ದಿನ ಅದನ್ನು ಬದಲಾಯಿಸಿ. ಮಳೆಗಾಲದ ಕೆಸರಿನಲ್ಲಿ ಓಡಿಸುವವರಿಗೆ ಆ ದಿನ ಬೇಗನೆ ಬರುತ್ತದೆ.