ಪೈಪಿನ ಸುತ್ತ ಗ್ರೌಟ್ ಒಂದೇ ಸಲ ತುಂಬಬೇಡಿ

ರಸ್ತೆ ಅಡಿಯ 40 ಮೀಟರ್ ಸುರಂಗ, 1.8 ಮೀಟರ್ ವ್ಯಾಸ, ಒಳಗೆ 1 ಮೀಟರಿನ ಸ್ಟೀಲ್ ನೀರಿನ ಪೈಪ್. ಸುತ್ತಲಿನ ಜಾಗಕ್ಕೆ ಒಂದೇ ದಿನದಲ್ಲಿ ಸಿಮೆಂಟ್ ಗ್ರೌಟ್ (ಪಂಪಿನಲ್ಲಿ ತಳ್ಳುವಷ್ಟು ತೆಳ್ಳಗೆ ಕಲಸಿದ ಸಿಮೆಂಟ್) ತುಂಬಿ ಮುಗಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಪೈಪ್ ತೇಲುತ್ತದೆ.

ಲೆಕ್ಕ ಹಾಕಿ ನೋಡಿ. 10 ಎಂಎಂ ದಪ್ಪದ ಪೈಪಾದರೆ ಮೀಟರಿಗೆ ಸುಮಾರು 245 ಕೆಜಿ. ಸಿಮೆಂಟ್ ಗ್ರೌಟ್ ನೀರಿಗಿಂತ ಹತ್ತಿರ ಹತ್ತಿರ ಎರಡರಷ್ಟು ಭಾರ. ಪೈಪ್ ಪೂರ್ತಿ ಮುಳುಗಿದರೆ ಗ್ರೌಟ್ ಅದನ್ನು ಮೀಟರಿಗೆ 1,500 ಕೆಜಿಯಷ್ಟು ಮೇಲಕ್ಕೆ ಎತ್ತುತ್ತದೆ. ಪೈಪಿಗೆ ನೀರು ತುಂಬಿದರೂ ಒಟ್ಟು ತೂಕ 1,000 ಕೆಜಿ ಅಷ್ಟೆ. ಖಾಲಿ ಪೈಪ್ ಅಂತೂ ಗ್ರೌಟ್ ಕಾಲು ಭಾಗ ಏರುವಷ್ಟರಲ್ಲೇ ಎದ್ದುಬಿಡುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಮಳೆಗೆ ಮೊದಲು ಮುಗಿಸಬೇಕು ಅಂತ ಪಂಪ್ ನಿಲ್ಲಿಸಲೇ ಇಲ್ಲ. ಪೈಪಿಗೂ ಸುರಂಗದ ನೆತ್ತಿಗೂ ನಡುವೆ ಕೊಟ್ಟಿದ್ದ ಮರದ ತುಂಡುಗಳು ಮೊದಲು ಕಿರ್ ಅಂದವು. ಆಮೇಲೆ ಒಂದು ಪಟ್ ಅಂತ ಸೀಳಿತು. ಪೈಪಿನ ಬಾಯಿಗೆ ಸೀಮೆಸುಣ್ಣದಲ್ಲಿ ಎಳೆದಿದ್ದ ಗೆರೆ ಲೆವೆಲ್ ದಾರಕ್ಕಿಂತ ನಾಲ್ಕು ಬೆರಳು ಮೇಲೆ ಹೋಗಿತ್ತು. ಗಟ್ಟಿಯಾದ ಗ್ರೌಟನ್ನು ಆ ಇಕ್ಕಟ್ಟಿನಲ್ಲಿ ಮಲಗಿಕೊಂಡು ಒಡೆದ ಕೆಲಸಗಾರರ ಕೈ ಇವತ್ತಿಗೂ ನೆನಪಿದೆ.

ನೀವು ಹೀಗೆ ಮಾಡಿ. ಪೈಪಿಗೆ ನೀರು ತುಂಬಿ. ಮೇಲಿನ ತಡೆಗಳನ್ನು ಮರದ ಬದಲು ಸ್ಟೀಲಿನಲ್ಲಿ ಕೊಡಿ. ಇಳಿಜಾರಿನ ತಗ್ಗು ತುದಿಯಿಂದ ಪಂಪ್ ಮಾಡಿ, ಗ್ರೌಟ್ ಪೈಪಿನ ಅರ್ಧಕ್ಕಿಂತ ಕೆಳಗೇ ಇರುವಾಗ ನಿಲ್ಲಿಸಿ. ಅದು ಸೆಟ್ ಆಗಿ ಪೈಪನ್ನು ಹಿಡಿದ ಮೇಲೆ, ಅಂದರೆ ಮರುದಿನ, ಉಳಿದದ್ದು. ಒಂದೇ ಸಲ ತುಂಬಲೇಬೇಕು ಅಂದರೆ ಫೋಮ್ ಗ್ರೌಟ್, ಅಂದರೆ ನೊರೆ ಬೆರೆಸಿದ ಹಗುರ ಗ್ರೌಟ್, ಕೇಳಿ. ಘನ ಮೀಟರಿಗೆ 600 ಕೆಜಿಯದ್ದಾದರೆ ಪೈಪಿನ ಮೀಟರಿಗೆ ಮೇಲಕ್ಕೆತ್ತುವುದು 470 ಕೆಜಿ ಮಾತ್ರ, ನೀರು ತುಂಬಿದ ಪೈಪ್ ಅಲ್ಲಾಡುವುದಿಲ್ಲ.

ಎತ್ತರದ ತುದಿಯಲ್ಲಿ, ನೆತ್ತಿಗೆ ಅಂಟಿದ ಹಾಗೆ, ಗಾಳಿ ಹೋಗಲು ಒಂದು ಹೋಸ್ ಇರಲೇಬೇಕು. ಅದರಿಂದ ಮೊದಲು ಗಾಳಿ, ಆಮೇಲೆ ನೀರು ನೀರಾದ ಗ್ರೌಟ್ ಬರುತ್ತದೆ. ತುಂಬಿತು ಅಂತ ಅಲ್ಲಿಗೇ ಮುಚ್ಚುವವರೇ ಜಾಸ್ತಿ. ಹಾಗೆ ಮಾಡಬೇಡಿ. ಅಲ್ಲಿಂದ ಬಂದದ್ದನ್ನು ಬಕೆಟಿಗೆ ಹಿಡಿದು ತೂಗಿ. ಪಂಪಿಗೆ ಹಾಕಿದ ಗ್ರೌಟಿನಷ್ಟೇ ಭಾರ ಬಂದಾಗ ಮುಚ್ಚಿ. ನಿಮ್ಮ ಸುರಂಗಕ್ಕೆ ಒಟ್ಟು ಸುಮಾರು 70 ಘನ ಮೀಟರ್ ಹಿಡಿಯಬೇಕು. ಕಮ್ಮಿ ಹೋಗಿದ್ದರೆ ನೆತ್ತಿಯಲ್ಲಿ ಪೊಳ್ಳು ಉಳಿದಿದೆ ಅಂತಲೇ ತಿಳಿದು, ಅದೇ ಹೋಸಿನಿಂದ ಮತ್ತೆ ತುಂಬಿ.