‘ಫ್ರೀ ಆದಾಗ ಸಿಗೋಣ’ ಅನ್ನಬೇಡಿ

ವಾರಕ್ಕೆ ಐದು ಸಂಜೆ ಚಿಯರ್‌ಲೀಡಿಂಗ್ ಪ್ರಾಕ್ಟೀಸ್, ಮೈಸೂರಿನ ಸರಸ್ವತಿಪುರಂನ ಹಳೇ ಗೆಳತಿಯರು ಕರೆಯುವುದನ್ನೇ ಬಿಟ್ಟಿದ್ದಾರೆ ಅಂತ ಬರೆದಿದ್ದೀರಲ್ಲ. ಮಂಡ್ಯದಲ್ಲಿ ಕಾಲೇಜಿನ ಖೋ ಖೋ ತಂಡದಲ್ಲಿದ್ದಾಗ ನನ್ನದೂ ಇದೇ ಗೋಳು.

ಮೊದಲು ಅವರಿಗೆ ಬಿಡಿಸಿ ಹೇಳಿ. ಸ್ಟಂಟ್‌ಗೆ, ಅಂದರೆ ಒಬ್ಬಳನ್ನು ಮೇಲಕ್ಕೆ ಎತ್ತಿ ನಿಲ್ಲಿಸೋಕೆ, ಸಾಮಾನ್ಯವಾಗಿ ನಾಲ್ಕು ಜನ ಬೇಕು: ಕೆಳಗೆ ಎತ್ತಿ ಹಿಡಿಯುವ ಇಬ್ಬರು ಬೇಸ್, ಹಿಂದೆ ನಿಂತು ಆಸರೆಯಾಗುವ ಒಬ್ಬಳು ಬ್ಯಾಕ್ ಸ್ಪಾಟ್, ಮೇಲೆ ಹತ್ತುವ ಫ್ಲೈಯರ್. ಒಬ್ಬಳು ಬರಲಿಲ್ಲ ಅಂದರೆ ಉಳಿದ ಮೂವರೂ ಸುಮ್ನೆ ಕೂರಬೇಕು. ಸ್ಪರ್ಧೆಯಲ್ಲಿ ತೋರಿಸುವ ಎರಡೂವರೆ ನಿಮಿಷದ ರೊಟೀನ್‌ಗೆ ಇಷ್ಟೊಂದು ಒದ್ದಾಟವಾ ಅಂತ ಹೊರಗಿನವರಿಗೆ ಅನ್ನಿಸುತ್ತೆ, ಅಲ್ವಾ? ಒಂದು ಸಂಜೆ ನೋಡೋಕೆ ಕರೆಯಿರಿ.

‘ಫ್ರೀ ಆದಾಗ ಸಿಗೋಣ’ ಅಂತ ಹೇಳಿ ಹೇಳಿಯೇ ನಾನು ಒಬ್ಬಳನ್ನು ಕಳೆದುಕೊಂಡೆ. ಅವಳ ಮದುವೆ ಸುದ್ದಿ ನನಗೆ ಸಿಕ್ಕಿದ್ದು ಬೇರೆಯವರ ವಾಟ್ಸಾಪ್ ಸ್ಟೇಟಸ್‌ನಲ್ಲಿ! ಅದಕ್ಕೇ, ದಿನ ಗೊತ್ತು ಮಾಡಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಕುಕ್ಕರಹಳ್ಳಿ ಕೆರೆ ಹತ್ತಿರ ವಾಕಿಂಗ್, ಆಮೇಲೆ ಮಸಾಲೆ ದೋಸೆ. ಅರ್ಧ ದೋಸೆ ತಿಂದು ಓಡಿದರೂ ಪರವಾಗಿಲ್ಲ, ಹೋಗಿ. ಸ್ಪರ್ಧೆ ಇರುವ ತಿಂಗಳು ಸಿಗಲ್ಲ ಅಂತ ಮೊದಲೇ ಹೇಳಿಬಿಡಿ.

ಇಷ್ಟಾದರೂ ಮುನಿಸಿಕೊಳ್ಳುವವರು ಇರುತ್ತಾರೆ. ಅವರಿಗೆ ಮಧ್ಯರಾತ್ರಿವರೆಗೆ ಮೆಸೇಜ್ ಹಾಕುತ್ತಾ ಕೂರಬೇಡಿ. ನೀವು ಫ್ಲೈಯರ್ ಆಗಿದ್ದರಂತೂ ನಿದ್ದೆಗೆಟ್ಟು ಮೇಲೆ ಹತ್ತಲೇಬೇಡಿ.