ಅಲ್ಯೂಮಿನಾ ಕರೆಂಟ್ ಬಿಡಲ್ಲ, ಮತ್ತೆ ಅದನ್ನೇ ಯಾಕೆ ಕ್ಯಾಥೋಡಿಗೆ ಕೋಟಿಂಗ್ ಮಾಡ್ತಾರೆ?

ನೀವು ಕೇಳಿದ್ದು ಎರಡು. ಇನ್ಸುಲೇಟರ್ ಆದ ಅಲ್ಯೂಮಿನಾವನ್ನು (ಅಲ್ಯೂಮಿನಿಯಂ ಆಕ್ಸೈಡ್) ಲಿಥಿಯಂ ಅಯಾನ್ ಬ್ಯಾಟರಿಯ ಕ್ಯಾಥೋಡ್ ಪುಡಿಗೆ, ಅಂದರೆ ಪ್ಲಸ್ ತುದಿಯ ವಸ್ತುವಿಗೆ, ಕೋಟಿಂಗ್ ಹಾಕಿದರೆ ಬ್ಯಾಟರಿ ಕೆಡಲ್ವಾ? ಇದನ್ನು ದಾವಣಗೆರೆಯ ಕಾಲೇಜು ಲ್ಯಾಬಿನಲ್ಲೇ ಎಂ.ಎಸ್ಸಿ. ಪ್ರಾಜೆಕ್ಟ್ ಆಗಿ ಮಾಡಬಹುದಾ? ನಾನೂ ಇದೇ ಊರಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು, ಹೇಳುತ್ತೇನೆ.

ದಪ್ಪ ಆದರೆ ಖಂಡಿತ ಕೆಡುತ್ತದೆ. ಕೆಲವೇ ನ್ಯಾನೋಮೀಟರ್ ಇದ್ದರೆ ಲಿಥಿಯಂ ದಾಟಿ ಹೋಗುತ್ತದೆ. ಕಾಯಿಸಿದಾಗ ಪುಡಿಯ ಮೇಲೆ ಉಳಿದ ಲಿಥಿಯಂ ಅಲ್ಯೂಮಿನಾ ಜೊತೆ ಸೇರಿ ಅಲ್ಯೂಮಿನೇಟ್ ಆಗುವುದೂ ಉಂಟು, ಅದು ಇನ್ನೂ ಒಳ್ಳೆಯದು. ಎಲೆಕ್ಟ್ರಾನಿಗೆ ಕೋಟಿಂಗ್ ಹಿಡಿಯದ ಜಾಗಗಳು ಸಾಕು. ಕಾಲೇಜಿನಲ್ಲಿ ಮಾಡಿದ ಕೋಟಿಂಗಿನಲ್ಲಿ ಅಂಥ ಜಾಗಕ್ಕೇನೂ ಬರ ಇರಲ್ಲ ಬಿಡಿ!

ಲಾಭ ಏನು ಅಂದರೆ, ಎಲೆಕ್ಟ್ರೋಲೈಟಿನ (ಬ್ಯಾಟರಿ ಒಳಗಿನ ದ್ರವದ) ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್‌ಗೆ ಚೂರು ನೀರು ತಾಗಿದರೂ ಎಚ್‌ಎಫ್ ಎಂಬ ಹೈಡ್ರೋಫ್ಲೋರಿಕ್ ಆಸಿಡ್ ಹುಟ್ಟುತ್ತದೆ. ಅದು ಕ್ಯಾಥೋಡಿನಿಂದ ನಿಕಲ್, ಮ್ಯಾಂಗನೀಸ್‌ಗಳನ್ನು ಕರಗಿಸುತ್ತದೆ. ಅಲ್ಯೂಮಿನಾ ಆ ಆಸಿಡ್ಡಿಗೆ ತಾನೇ ಸಿಕ್ಕಿ ಅಲ್ಯೂಮಿನಿಯಂ ಫ್ಲೋರೈಡ್ ಆಗುತ್ತದೆ. ಆದರೆ ಆ ಕ್ರಿಯೆಯಲ್ಲಿ ಮತ್ತೆ ನೀರೇ ಹೊರಬರುತ್ತದೆ. ಹಾಗಾಗಿ ‘ಎಚ್‌ಎಫ್ ನುಂಗುತ್ತದೆ’ ಅಂತ ಸುಮ್ನೆ ಒಂದು ಸಾಲು ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ಚಾರ್ಜ್ ಆದ ಕ್ಯಾಥೋಡ್ ನೇರವಾಗಿ ಎಲೆಕ್ಟ್ರೋಲೈಟಿಗೆ ತಾಗದ ಹಾಗೆ ತಡೆಯುವುದೂ ಅಷ್ಟೇ ಮುಖ್ಯ.

ಕ್ಯಾಥೋಡಿಗೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ತಗೋಬೇಡಿ. ಅದಕ್ಕೆ ಕರೆಂಟ್ ಹರಿಸುವುದೇ ಕಷ್ಟ, ಆದ್ದರಿಂದ ಕಾರ್ಬನ್ ಕೋಟಿಂಗ್ ಮೊದಲೇ ಇರುತ್ತದೆ. ಎನ್‌ಎಂಸಿ 811 (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ 8:1:1 ಇರುವ ಲಿಥಿಯಂ ಆಕ್ಸೈಡ್) ತಗೊಂಡು 4.4 ಅಥವಾ 4.5 ವೋಲ್ಟ್‌ವರೆಗೆ ಚಾರ್ಜ್ ಮಾಡಿ, ವ್ಯತ್ಯಾಸ ಕಾಣುವುದು ಅಲ್ಲಿ.

ದೊಡ್ಡ ಲ್ಯಾಬುಗಳಲ್ಲಿ ಎಎಲ್‌ಡಿ (ಅಟಾಮಿಕ್ ಲೇಯರ್ ಡಿಪೊಸಿಷನ್) ಅಂತ ಯಂತ್ರ ಇರುತ್ತದೆ, ಒಂದು ಸುತ್ತಿಗೆ ಸುಮಾರು 0.1 ನ್ಯಾನೋಮೀಟರ್ ಪದರ ಕೂರಿಸುತ್ತದೆ. ಅದರಲ್ಲಿ ಬಳಸುವ ಟ್ರೈಮೀಥೈಲ್ ಅಲ್ಯೂಮಿನಿಯಂ ಗಾಳಿ ತಾಗಿದರೆ ಹೊತ್ತಿಕೊಳ್ಳುತ್ತದೆ. ನಮಗೆ ಬೇಡ. 5 ಗ್ರಾಂ ಪುಡಿಗೆ 100 ಮಿಲಿಗ್ರಾಂ ಅಲ್ಯೂಮಿನಿಯಂ ಐಸೋಪ್ರೊಪಾಕ್ಸೈಡ್ ಲೆಕ್ಕ ಹಾಕಿ, ಒಣ ಐಸೋಪ್ರೊಪನಾಲ್‌ನಲ್ಲಿ ಕಲಸಿ, ಆರಿಸಿ, ಫರ್ನೆಸ್‌ನಲ್ಲಿ 400ರಿಂದ 500 ಡಿಗ್ರಿಗೆ ಕಾಯಿಸಿ. ಸುಮಾರು 25 ಮಿಲಿಗ್ರಾಂ ಅಲ್ಯೂಮಿನಾ ಕೂರುತ್ತದೆ, ಅಂದರೆ ತೂಕದ 0.5 ಪರ್ಸೆಂಟ್. ನೀರಿನಲ್ಲಿ ಮಾಡಬೇಡಿ, ನೀರು ಪುಡಿಯ ಮೈಯಿಂದಲೇ ಲಿಥಿಯಂ ಎಳೆಯುತ್ತದೆ. ಡಬ್ಬಿಯನ್ನೂ ತೆರೆದಿಡಬೇಡಿ, ಅದರಲ್ಲೂ ಮಳೆಗಾಲದಲ್ಲಿ. ಮೆತ್ತಗಾದ ಮಂಡಕ್ಕಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ಗರಿಗರಿ ಆಗುತ್ತದೆ, ಇದು ಹಾಗಲ್ಲ. ಮೇಲೆ ಲಿಥಿಯಂ ಕಾರ್ಬೊನೇಟ್ ಕಟ್ಟಿಕೊಂಡು ಸ್ಲರಿ (ಎಲೆಕ್ಟ್ರೋಡಿಗೆ ಬಳಿಯಲು ಕಲಸುವ ಪೇಸ್ಟ್) ಗಟ್ಟಿಯಾಗುತ್ತದೆ.

ಜಾಸ್ತಿ ಜನ ಎಡವುವುದು ಹೋಲಿಕೆಯಲ್ಲಿ. ಡಬ್ಬಿಯಿಂದ ತೆಗೆದ ಪುಡಿಯನ್ನು ಕೋಟಿಂಗ್ ಮಾಡಿದ್ದರ ಪಕ್ಕ ಇಟ್ಟರೆ ಏನೂ ಸಾಬೀತಾಗಲ್ಲ. ಬರೀ ಕಾಯಿಸಿದರೂ ಮೇಲ್ಮೈ ಬದಲಾಗುತ್ತದೆ. ಆದ್ದರಿಂದ ಮೂರನೇ ಸ್ಯಾಂಪಲ್ ಬೇಕು: ಅದೇ ಐಸೋಪ್ರೊಪನಾಲ್, ಅದೇ ಬಿಸಿ, ಐಸೋಪ್ರೊಪಾಕ್ಸೈಡ್ ಮಾತ್ರ ಇಲ್ಲ. ನಾನು ಎಕ್ಸಾಮಿನರ್ ಆದರೆ ಮೊದಲು ಕೇಳುವುದೇ ಅದನ್ನು.

ಪರೀಕ್ಷೆಗೆ ಕಾಯಿನ್ ಸೆಲ್ (ನಾಣ್ಯದಂಥ ಚಿಕ್ಕ ಬ್ಯಾಟರಿ) ಜೋಡಿಸಲು ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ (ಗಾಳಿ, ತೇವ ಒಳಗೆ ಬರದ ಮುಚ್ಚಿದ ಪೆಟ್ಟಿಗೆ) ಬೇಕೇ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಪುಡಿ ಇಲ್ಲೇ ಮಾಡಿ, ಸೆಲ್ ಕೆಲಸಕ್ಕೆ ಬೆಂಗಳೂರಿನಲ್ಲಿ ಸಮಯ ಕೇಳಿ. ಇದನ್ನು ಗೈಡ್ ಹತ್ತಿರ ಈಗಲೇ ಮಾತಾಡಿ, ಮಾರ್ಚ್‌ನಲ್ಲಿ ಹೋಗಿ ಕೇಳಿದರೆ ಯಾರೂ ಕೊಡಲ್ಲ.